ನಿಕಾಹ್ ಆಗಿತ್ತು, ಕಾನೂನಿಗೆ ಪತ್ನಿಯಾಗಲಿಲ್ಲ

ಹುಡುಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾನೆ. ಇಲ್ಲೇ ನಿಕಾಹ್ ಮಾಡಿಸಿ ಪತ್ನಿಯ ವೀಸಾಕ್ಕೆ ಕಾಯುವುದೋ, ನಿಶ್ಚಿತಾರ್ಥದ ವೀಸಾದಲ್ಲಿ ಹುಡುಗಿಯನ್ನು ಕಳುಹಿಸಿ ಅಲ್ಲೇ ನಿಕಾಹ್ ಮಾಡಿಸುವುದೋ? ಇತ್ತೀಚೆಗೆ ಜುಮಾ ಮುಗಿದ ಮೇಲೆ ಹೆಣ್ಣಿನ ತಂದೆಯರು ಕೇಳುವ ಪ್ರಶ್ನೆ ಇದು. ಏಜೆಂಟರು ಖರ್ಚಿನ ಲೆಕ್ಕ ಹೇಳುತ್ತಾರೆ. ಆದರೆ ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಳೆಯದಾದ ಒಂದು ಕಥೆಯಿದೆ. ಅದು ನಮ್ಮ ಮನೆಗಳಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಹಸನ್ ಇಸೋಪ್ ಎಂಬವರು ಭಾರತಕ್ಕೆ ಬಂದು ಬಾಯಿ ಮರಿಯಮ್ ಎಂಬವರನ್ನು ನಿಕಾಹ್ ಮಾಡಿಕೊಂಡಿದ್ದರು. ಅಲ್ಲಿ ಭಾರತೀಯರ ಪ್ರವೇಶಕ್ಕೆ ಬಿಗಿ ನಿರ್ಬಂಧವಿದ್ದರೂ ನೆಲೆಸಿದವರ ಪತ್ನಿಗೂ ಚಿಕ್ಕ ಮಕ್ಕಳಿಗೂ ವಿನಾಯಿತಿ ಇತ್ತು. ಆ ದಾರಿಯನ್ನೇ ನಂಬಿ ಪತ್ನಿಯನ್ನು ಕರೆದುಕೊಂಡು ಹೋದರೆ ಅಧಿಕಾರಿಗಳು ಒಳಗೆ ಬಿಡಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. 1913ರ ಮಾರ್ಚ್ 14ರಂದು ಕೇಪ್‌ನ ನ್ಯಾಯಮೂರ್ತಿ ಸರ್ಲ್ ತೀರ್ಪು ಕೊಟ್ಟರು: ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಯನ್ನು ಈ ಕಾನೂನು ಮದುವೆಯೆಂದು ಒಪ್ಪುವುದಿಲ್ಲ. ಹಸನ್‌ಗೆ ಇದ್ದವರು ಮರಿಯಮ್ ಒಬ್ಬರೇ ಎಂಬ ಮಾತು ಅಲ್ಲಿ ನಡೆಯಲಿಲ್ಲ. ವಲಿ, ಸಾಕ್ಷಿಗಳು, ಮಹ್ರ್ ಎಲ್ಲವೂ ಇದ್ದು ಅಲ್ಲಾಹನ ಮುಂದೆ ಪತ್ನಿಯಾದ ಹೆಣ್ಣು, ಬಂದರಿನ ಅಧಿಕಾರಿಯ ಮುಂದೆ ಯಾರೂ ಅಲ್ಲ!

ಈ ಏಟು ಮುಸ್ಲಿಮರಿಗೆ ಮಾತ್ರ ಬೀಳಲಿಲ್ಲ. ಹಿಂದೂ, ಪಾರ್ಸಿ ಮದುವೆಗಳೂ ಅದೇ ತರ್ಕಕ್ಕೆ ಸಿಕ್ಕಿಬೀಳುತ್ತವೆ ಎಂದು ಗಾಂಧೀಜಿ ಜನರಿಗೆ ತಿಳಿಸಿದರು. ಅದುವರೆಗೆ ಸತ್ಯಾಗ್ರಹದಿಂದ ದೂರವಿದ್ದ ಹೆಂಗಸರು ಆಗ ಮುಂದೆ ಬಂದರು. ಸೆಪ್ಟೆಂಬರ್‌ನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟ 16 ಜನರ ತಂಡದಲ್ಲಿ ಕಸ್ತೂರಬಾ ಇದ್ದರು. ಟ್ರಾನ್ಸ್‌ವಾಲ್ ಗಡಿ ದಾಟಿ ಮೂರು ತಿಂಗಳ ಸೆರೆವಾಸ ಅನುಭವಿಸಿದರು. ಒಬ್ಬ ಮುಸ್ಲಿಂ ಮಹಿಳೆಯ ನಿಕಾಹ್ ಪ್ರಕರಣ ಹಿಂದೂ ಸಹೋದರಿಯರನ್ನು ಜೈಲಿನವರೆಗೆ ಕರೆದೊಯ್ದದ್ದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

1914ರ ಇಂಡಿಯನ್ ರಿಲೀಫ್ ಕಾಯ್ದೆ ಒಂದು ಬಾಗಿಲು ತೆರೆಯಿತು. ಒಬ್ಬಳೇ ಪತ್ನಿಯಿರುವ ಮದುವೆಯನ್ನು ನೋಂದಾಯಿಸಬಹುದು, ಭಾರತೀಯ ಧರ್ಮಗುರುಗಳನ್ನೇ ವಿವಾಹ ಅಧಿಕಾರಿಗಳಾಗಿ ನೇಮಿಸಬಹುದು ಎಂದಾಯಿತು. ಆದರೂ ಬರೀ ನಿಕಾಹ್‌ಗೆ ಪೂರ್ಣ ಮಾನ್ಯತೆ ಸಿಗಲಿಲ್ಲ. ಅದನ್ನು ಮಾನ್ಯ ಮಾಡದಿರುವುದು ಸಂವಿಧಾನಬಾಹಿರ ಎಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಹೇಳಿದ್ದು 2022ರ ಜೂನ್‌ನಲ್ಲಿ.

ಇನ್ನು ನಿಶ್ಚಿತಾರ್ಥದ ದಾರಿ. 1970ರ ದಶಕದ ಬ್ರಿಟನ್ನಿನಲ್ಲಿ ಪತ್ನಿಯರು ಮೊದಲೇ ಅನುಮತಿಪತ್ರ ಪಡೆಯಲು ದೀರ್ಘಕಾಲ ಕಾಯಬೇಕಿತ್ತು, ಮದುವೆಯಾಗಲು ಬರುವ ಹೆಣ್ಣಿಗೆ ಆ ಪತ್ರ ಬೇಕಿರಲಿಲ್ಲ. 1979ರ ಜನವರಿಯಲ್ಲಿ ಆ ದಾರಿಯಲ್ಲಿ ಹೀಥ್ರೂಗೆ ಬಂದಿಳಿದ ಭಾರತೀಯ ಶಿಕ್ಷಕಿಯೊಬ್ಬರನ್ನು, ‘ಈಗಾಗಲೇ ಮದುವೆಯಾಗಿರಬಹುದು’ ಎಂಬ ಸಂಶಯದಿಂದ ಪುರುಷ ವೈದ್ಯನಿಂದ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಆ ನೀಚ ಪದ್ಧತಿ ನಿಂತಿತು.

ಇಂದು ಬ್ರಿಟನ್ನಿನ ನಿಶ್ಚಿತಾರ್ಥ ವೀಸಾ ಆರು ತಿಂಗಳದ್ದು. ದುಡಿಯುವಂತಿಲ್ಲ, ನಿಕಾಹ್ ಆದ ಮೇಲೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಅಮೆರಿಕದಲ್ಲಿ ಈ ದಾರಿ ಅಲ್ಲಿನ ಪೌರರ ಭಾವಿ ಸಂಗಾತಿಗೆ ಮಾತ್ರ, 90 ದಿನಗಳಲ್ಲಿ ಮದುವೆ ಆಗಲೇಬೇಕು. ಆರನೇ ತಿಂಗಳಲ್ಲಿ ಹುಡುಗ ಮನಸ್ಸು ಬದಲಿಸಿದರೆ ಪರದೇಶದಲ್ಲಿ ಆ ಮಗಳ ಗತಿಯೇನು? ಹಾಗಾಗಿ ಇಲ್ಲೇ ನಿಕಾಹ್ ಆಗಲಿ, ಕಾಯುವುದಾದರೆ ಪತ್ನಿಯಾಗಿ ಕಾಯಲಿ ಎನ್ನುವುದೇ ನನ್ನ ಅಭಿಪ್ರಾಯ. ಇಲ್ಲಿ ಗುಟ್ಟಾಗಿ ನಿಕಾಹ್ ಮಾಡಿ ಅಲ್ಲಿ ಅವಿವಾಹಿತೆ ಎಂದು ಬರೆಸುವುದಂತೂ ಶುದ್ಧ ಸುಳ್ಳು.

ಸಾಲದ ವ್ಯವಹಾರವನ್ನೇ ಬರೆದಿಡಲು ಅಲ್ ಬಕರಃ 282ನೇ ವಚನ ಆದೇಶಿಸುವಾಗ ನಿಕಾಹ್‌ನ ದಾಖಲೆಯಲ್ಲಿ ನಮಗೇಕೆ ಉದಾಸೀನ? ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ನೀಡಲು ಅವಕಾಶ ಕೊಟ್ಟ 2023ರ ಸರ್ಕಾರಿ ಆದೇಶಕ್ಕೆ ನಮ್ಮ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ನೀಡಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಬಿಡಿ. ದಿನಾಂಕ ಹಿಂದಕ್ಕೆ ಹಾಕಿಕೊಡಿ ಎಂದು ಕೇಳಿಕೊಂಡು ಬರುವವರಿಗೆ ನನ್ನ ಉತ್ತರ ಇಲ್ಲ ಎಂಬುದೇ. ನಿಕಾಹ್ ದಿನ ಇಬ್ಬರ ಪಾಸ್‌ಪೋರ್ಟನ್ನೂ ಮಸೀದಿಗೆ ತನ್ನಿ; ಅದರಲ್ಲಿರುವಂತೆಯೇ ಹೆಸರು ಬರೆಯುತ್ತೇನೆ.