ಗೆಲ್ಲದವರಿಗೆ ಹಾಕಿದ ಓಟು

2008ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾನು ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಿದ್ದೆ. ಮಗಳ ಮನೆ ಎರಡನೆಯ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಬಾರ್ಬಡೋಸ್ ದ್ವೀಪದಿಂದ ಬಂದು ನೆಲೆಸಿದ್ದ ಎಪ್ಪತ್ತೆರಡರ ಒಬ್ಬ ಹೆಂಗಸು ಇದ್ದರು. ಮನಸ್ಸಿನಲ್ಲೇ ಅವರನ್ನು ದೊಡ್ಡಮ್ಮ ಎಂದು ಕರೆದುಕೊಳ್ಳುತ್ತಿದ್ದೆ. ಮೊದಲ ದಿನ ಅವರ ಅಡಿಗೆಮನೆಗೆ ಹೋದಾಗ ಜೋಳದ ನುಚ್ಚಿನಂಥ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿಗೆ ಹಾಕಿ, ಚಪ್ಪಟೆ ಕೋಲಿನಿಂದ ಗಂಟಾಗದಂತೆ ತಿರುವುತ್ತಿದ್ದರು. ‘ಕುಕು’ ಎಂದು ಅದರ ಹೆಸರಂತೆ. ಕಡೂರು ಕಡೆಯ ನನ್ನ ತವರಿನಲ್ಲಿ ಅಮ್ಮ ಮುದ್ದೆ ತಿರುವುತ್ತಿದ್ದುದೂ ಹೀಗೆಯೇ. ‘ಕೊಡಿ, ನಾನು ತಿರುವುತ್ತೇನೆ’ ಎಂದು ಕೋಲು ಇಸಿದುಕೊಂಡೆ. ನನ್ನ ಅರೆಬರೆ ಇಂಗ್ಲಿಷಿನ ಕಷ್ಟವೆಲ್ಲ ಅಲ್ಲಿಗೆ ಮುಗಿಯಿತು.

ಆ ಮನೆಯಲ್ಲಿ ದಿನವೂ ಒಂದು ಜಗಳ. ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಪಕ್ಷದೊಳಗೇ ಮತದಾನ ನಡೆಯುತ್ತಿದ್ದ ಕಾಲ. ಒಂದು ಕಡೆ ಹಿಲರಿ ಕ್ಲಿಂಟನ್, ಇನ್ನೊಂದು ಕಡೆ ಕೀನ್ಯಾದ ತಂದೆಯ ಮಗ ಬರಾಕ್ ಒಬಾಮ. ಜನವರಿ 3ರಂದು ಬಿಳಿಯರೇ ತುಂಬಿರುವ ಅಯೋವಾ ರಾಜ್ಯದಲ್ಲಿ ಒಬಾಮ ಗೆದ್ದ ಮೇಲೆ, ಅದುವರೆಗೆ ‘ಇವನಿಗೆ ಬಿಳಿಯರು ಯಾರು ಓಟು ಹಾಕುತ್ತಾರೆ’ ಎನ್ನುತ್ತಿದ್ದವರೂ ಎದ್ದು ಕೂತಿದ್ದರು. ದೊಡ್ಡಮ್ಮನ ಮಗಳು ನರ್ಸು. ರಾತ್ರಿ ಪಾಳಿ ಮುಗಿಸಿ ಬಂದವಳು ಕೋಟು ಬಿಚ್ಚುವ ಮೊದಲೇ ಒಬಾಮ ಪುರಾಣ ತೆಗೆಯುತ್ತಿದ್ದಳು. ದೊಡ್ಡಮ್ಮನಿಗೆ ಹಿಲರಿಯ ಕಡೆ ಒಲವು. ಅವರೊಬ್ಬರೇ ಅಲ್ಲ, ಕವಯಿತ್ರಿ ಮಾಯಾ ಏಂಜೆಲೊ ಹಿಲರಿಯ ಪರವಾಗಿದ್ದರು, ಮಾರ್ಟಿನ್ ಲೂಥರ್ ಕಿಂಗರ ಜೊತೆ ನಡೆದು ಪೆಟ್ಟು ತಿಂದಿದ್ದ ಜಾನ್ ಲೂಯಿಸ್ ಕೂಡ ಆಗಿನ್ನೂ ಅದೇ ಕಡೆ, ಫೆಬ್ರವರಿ ಕೊನೆಗೆ ಅವರು ಮನಸ್ಸು ಬದಲಿಸಿದರು.

‘ನಮ್ಮವನೊಬ್ಬ ಬಾಗಿಲ ತನಕ ಬಂದಿದ್ದಾನೆ, ನೀನು ಬಿಳಿ ಹೆಂಗಸಿನ ಹಿಂದೆ ಹೋಗ್ತೀಯಾ ಅಮ್ಮ?’ ಎಂದು ಒಂದು ದಿನ ಮಗಳು ಕೇಳಿಬಿಟ್ಟಳು. ದೊಡ್ಡಮ್ಮ ಉತ್ತರ ಕೊಡದೆ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಬಣ್ಣ ಮಾಸಿದ ಒಂದು ಚುನಾವಣಾ ಭಿತ್ತಿಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಕನ್ನಡಕ ಹಾಕಿದ ಸಣಕಲು ಹೆಂಗಸೊಬ್ಬಳ ಮುಖ, ಕೆಳಗೆ 1972 ಎಂದು ಇಸವಿ. ‘ಇವಳು ಬಾಗಿಲ ತನಕ ಬಂದಾಗ ನಿಮ್ಮಪ್ಪ ಏನು ಮಾಡಿದರು, ಕೇಳು.’

ಅಂದಿನಿಂದ ನಾನು ಶರ್ಲಿ ಚಿಸಮ್‌ರ ಬೆನ್ನು ಹತ್ತಿದೆ. ಹತ್ತಿರದ ಗ್ರಂಥಾಲಯದಿಂದ ಅಳಿಯ ಪುಸ್ತಕ ತಂದುಕೊಟ್ಟರು; ಉಳಿದದ್ದನ್ನು ದೊಡ್ಡಮ್ಮ ತುಂಬಿದರು.

ಶರ್ಲಿ ಹುಟ್ಟಿದ್ದು 1924ರಲ್ಲಿ, ಅದೇ ಬ್ರೂಕ್ಲಿನ್‌ನಲ್ಲಿ. ತಂದೆ ಬ್ರಿಟಿಷ್ ಗಯಾನಾದವರು, ಗೋಣಿಚೀಲದ ಕಾರ್ಖಾನೆಯಲ್ಲಿ ಕೂಲಿ. ತಾಯಿ ಬಾರ್ಬಡೋಸಿನವರು, ಹೊಲಿಗೆ ಮಾಡುತ್ತಿದ್ದರು, ಬೇರೆಯವರ ಮನೆಗೆಲಸಕ್ಕೂ ಹೋಗುತ್ತಿದ್ದರು. ಇಬ್ಬರೂ ದುಡಿಯಲು ಹೋದರೆ ಮಕ್ಕಳನ್ನು ನೋಡುವವರು ಯಾರು? ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಬಾರ್ಬಡೋಸಿನ ಅಜ್ಜಿಯ ಮನೆಗೆ ಕಳಿಸಿದರು. ಶರ್ಲಿ 1934ರ ತನಕ ಅಲ್ಲೇ ಬೆಳೆದರು. ಒಂದೇ ಕೋಣೆಯ ಶಾಲೆ, ಬಿಗಿ ಶಿಸ್ತಿನ ಅಜ್ಜಿ. ಆ ದ್ವೀಪದ ಮಾತಿನ ಧಾಟಿ ಅವರ ನಾಲಗೆಯಿಂದ ಕೊನೆಯ ತನಕ ಹೋಗಲಿಲ್ಲವಂತೆ. ಮುಂದೆ ಬ್ರೂಕ್ಲಿನ್ ಕಾಲೇಜಿನ ಪದವಿ, ಶಿಶುವಿಹಾರದ ಉಪಾಧ್ಯಾಯಿನಿಯ ಕೆಲಸ, ಜಮೈಕಾದವರೊಂದಿಗೆ ಮದುವೆ.

1968ರಲ್ಲಿ ಅವರು ಅಮೆರಿಕದ ಕಾಂಗ್ರೆಸ್‌ಗೆ ಸ್ಪರ್ಧಿಸಿದರು. ಯಾರ ದುಡ್ಡಿಗೂ ಸಲ್ಲದವಳು, ಯಾರ ಅಪ್ಪಣೆಗೂ ಕಾಯದವಳು ಎಂಬರ್ಥದ ಘೋಷಣೆ. ಎದುರಾಳಿ ಜೇಮ್ಸ್ ಫಾರ್ಮರ್ ಸಾಮಾನ್ಯರಲ್ಲ, ನಾಗರಿಕ ಹಕ್ಕುಗಳ ಹೋರಾಟದ ದೊಡ್ಡ ಹೆಸರು. ವಾಷಿಂಗ್ಟನ್‌ನಲ್ಲಿ ಗಂಡಸಿನ ದನಿ ಬೇಕು ಎಂದು ಅವರ ಕಡೆಯವರು ಪ್ರಚಾರ ಮಾಡಿದರು. ಆದರೆ ಆ ಕ್ಷೇತ್ರದ ಮತದಾರರಲ್ಲಿ ಹೆಂಗಸರೇ ಹೆಚ್ಚು! ಶರ್ಲಿ ಗೆದ್ದು, ಕಾಂಗ್ರೆಸ್ ಪ್ರವೇಶಿಸಿದ ಮೊದಲ ಕಪ್ಪು ಮಹಿಳೆಯಾದರು. ಊರು ತುಂಬ ಕಾಂಕ್ರೀಟಿರುವ ಬ್ರೂಕ್ಲಿನ್‌ನ ಪ್ರತಿನಿಧಿಯನ್ನು ಕೃಷಿ ಸಮಿತಿಗೆ ಹಾಕಿದಾಗ ಹೊಸಬರೆಂದು ಸುಮ್ಮನಿರದೆ ತಕರಾರು ಎತ್ತಿ ಬದಲಾಯಿಸಿಕೊಂಡರು.

1972ರ ಜನವರಿ 25ರಂದು ಬ್ರೂಕ್ಲಿನ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನಿಂತು, ತಾನು ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಾಗಿ ಅವರು ಸಾರಿದರು. ಕಪ್ಪು ಬಣ್ಣದ ಹೆಮ್ಮೆಯಿದೆ, ಆದರೆ ಕಪ್ಪು ಜನರ ಅಭ್ಯರ್ಥಿಯಷ್ಟೇ ಅಲ್ಲ. ಹೆಣ್ಣೆಂಬ ಹೆಮ್ಮೆಯಿದೆ, ಆದರೆ ಹೆಂಗಸರ ಅಭ್ಯರ್ಥಿಯಷ್ಟೇ ಅಲ್ಲ ಎಂದು ಹೇಳಿದರು. ಚರ್ಚಿನ ಹೊರಗೆ ಚಳಿಯಲ್ಲಿ ನಿಂತವರಲ್ಲಿ ದೊಡ್ಡಮ್ಮನೂ ಒಬ್ಬರು.

ಜಗಳ ಹತ್ತಿದ್ದು ಅಲ್ಲಿಂದ. ಹಿಂದಿನ ಸೆಪ್ಟೆಂಬರಿನಲ್ಲೇ ಕಪ್ಪು ನಾಯಕರು ಚಿಕಾಗೊ ಸಮೀಪ ಸಭೆ ಸೇರಿ ತಲೆ ಕೆಡಿಸಿಕೊಂಡಿದ್ದರು. ತಮ್ಮವನೊಬ್ಬನನ್ನು ನಿಲ್ಲಿಸುವುದೋ? ಒಂದೊಂದು ರಾಜ್ಯದಲ್ಲಿ ಒಬ್ಬೊಬ್ಬ ಸ್ಥಳೀಯ ನಾಯಕನಿಗೆ ಮತ ಕೂಡಿಸಿಟ್ಟು, ಕೊನೆಗೆ ಪಕ್ಷದ ಮಹಾಧಿವೇಶನದಲ್ಲಿ ಚೌಕಾಸಿ ಮಾಡುವುದೋ? ಅಥವಾ ಗೆಲ್ಲಬಲ್ಲ ಒಬ್ಬ ಒಳ್ಳೆಯ ಬಿಳಿಯನ ಬೆನ್ನಿಗೆ ಈಗಲೇ ನಿಲ್ಲುವುದೋ? ಇವರ ಲೆಕ್ಕ ಮುಗಿಯುವ ಮೊದಲೇ ಒಬ್ಬ ಹೆಂಗಸು ಯಾರನ್ನೂ ಕೇಳದೆ ಎದ್ದು ನಿಂತಿದ್ದಳು. ಅದೇ ಅವರಿಗೆ ನುಂಗಲಾರದ ತುತ್ತಾಯಿತು. ಮಾರ್ಚ್ ತಿಂಗಳಲ್ಲಿ ಇಂಡಿಯಾನಾದ ಗ್ಯಾರಿ ಪಟ್ಟಣದಲ್ಲಿ ಕಪ್ಪು ಜನರ ರಾಷ್ಟ್ರೀಯ ರಾಜಕೀಯ ಸಮಾವೇಶ ನಡೆಯಿತು. ಸಾವಿರಾರು ಜನ. ಮೇಯರ್ ರಿಚರ್ಡ್ ಹ್ಯಾಚರ್, ಕವಿ ಅಮೀರಿ ಬರಾಕ, ಕಾಂಗ್ರೆಸ್ ಸದಸ್ಯ ಚಾರ್ಲ್ಸ್ ಡಿಗ್ಸ್ ಇದರ ಮುಂದಾಳುಗಳು. ಶರ್ಲಿ ಅಲ್ಲಿಗೆ ಹೋಗಲಿಲ್ಲ. ಸಮಾವೇಶ ಯಾವ ಅಭ್ಯರ್ಥಿಗೂ ಬೆಂಬಲ ಘೋಷಿಸದೆ ಮುಗಿಯಿತು. ಜೆಸ್ಸಿ ಜಾಕ್ಸನ್, ಜೂಲಿಯನ್ ಬಾಂಡ್‌ರಂಥವರು ವಿಯೆಟ್ನಾಂ ಯುದ್ಧದ ವಿರೋಧಿ ಜಾರ್ಜ್ ಮೆಕ್‌ಗವರ್ನ್ ಕಡೆ ನಿಂತರು. ಕಾಂಗ್ರೆಸ್ಸಿನ ಕಪ್ಪು ಸದಸ್ಯರಲ್ಲಿ ಶರ್ಲಿಗೆ ಒತ್ತಾಸೆಯಾದವರು ರಾನ್ ಡೆಲಮ್ಸ್, ಪ್ಯಾರೆನ್ ಮಿಚೆಲ್ ಇಬ್ಬರೇ ಎನ್ನಬೇಕು. ಅವರಲ್ಲೂ ಡೆಲಮ್ಸ್ ಕೊನೆ ಗಳಿಗೆಯಲ್ಲಿ ಮೆಕ್‌ಗವರ್ನ್ ಕಡೆ ಹೋದರು.

ಈ ಗಂಡಸರ ಲೆಕ್ಕ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಕಪ್ಪು ಜನರ ಓಟು ಚದುರಿದರೆ ನಷ್ಟ ಅವರಿಗೇ. ಎದುರಿಗಿದ್ದದ್ದು ಅಧಿಕಾರದಲ್ಲಿದ್ದ ನಿಕ್ಸನ್. ಕೈಯಲ್ಲಿರುವ ಒಂದು ನಾಣ್ಯವನ್ನು ಎಲ್ಲಿ ಖರ್ಚು ಮಾಡಬೇಕೆಂದು ಬಡವ ಯೋಚಿಸುವುದು ತಪ್ಪೇ? ಆದರೆ ಶರ್ಲಿಯ ಜಾಗದಲ್ಲಿ ಅಷ್ಟೇ ಮಾತುಗಾರನಾದ ಗಂಡಸಿದ್ದಿದ್ದರೆ ಇದೇ ಲೆಕ್ಕ ಹಾಕುತ್ತಿದ್ದರೇ ಎಂಬ ಅನುಮಾನ ಮಾತ್ರ ನನಗೆ ಹೋಗಿಲ್ಲ. ಕಪ್ಪು ಬಣ್ಣಕ್ಕಿಂತ ಹೆಣ್ಣಾಗಿರುವುದೇ ತನಗೆ ಹೆಚ್ಚಿನ ಅಡ್ಡಿಯಾಯಿತೆಂದು ಅವರೇ ಮುಂದೆ ಎಷ್ಟೋ ಸಲ ಹೇಳಿದ್ದಾರೆ.

ಹೆಂಗಸರಾದರೂ ಒಂದಾಗಿ ನಿಂತರೇ? ಮಹಿಳಾ ಚಳವಳಿಯ ಗ್ಲೋರಿಯಾ ಸ್ಟೈನೆಮ್ ಶರ್ಲಿಯ ಪರ ಪ್ರತಿನಿಧಿಯಾಗಿ ನಿಂತರೂ ಮೆಕ್‌ಗವರ್ನರನ್ನು ಹೊಗಳುವುದು ಬಿಡಲಿಲ್ಲ. ಬೆಲ್ಲಾ ಆ್ಯಬ್ಜಗ್ ಬೆಂಬಲವನ್ನೇ ಘೋಷಿಸಲಿಲ್ಲ. ಬಹಿರಂಗವಾಗಿ ಬೆಂಬಲ ಕೊಟ್ಟವರು ಬಂದೂಕು ಹಿಡಿದವರೆಂದು ಹೆಸರಾಗಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು! ಬೇಡವೆನ್ನಿ ಎಂದು ಹಲವರು ಹೇಳಿದರೂ ಶರ್ಲಿ ಬೇಡವೆನ್ನಲಿಲ್ಲ. ಕ್ಯಾಲಿಫೋರ್ನಿಯಾದ ಒಬ್ಬ ಕಾಲೇಜು ಹುಡುಗಿ ‘ನಾನು ಮತದಾರಳಾಗಿ ಹೆಸರೇ ನೋಂದಾಯಿಸಿಲ್ಲ’ ಎಂದಾಗ, ಮೊದಲು ಹೋಗಿ ಹೆಸರು ಬರೆಸು ಎಂದು ಗದರಿದರು. ಆ ಹುಡುಗಿ ಬಾರ್ಬರಾ ಲೀ. 1998ರಿಂದ 2025ರ ತನಕ ಕಾಂಗ್ರೆಸ್ ಸದಸ್ಯೆಯಾಗಿದ್ದರು.

ದೊಡ್ಡಮ್ಮನ ಮನೆಯಲ್ಲಿ ಆ ವರ್ಷ ಗಂಡ ಹೆಂಡಿರ ನಡುವೆ ಮಾತಿಲ್ಲದ ವಾರಗಳಿದ್ದವು. ಗಂಡ ಸುರಂಗ ರೈಲಿನ ನೌಕರ. ‘ಗೆಲ್ಲದ ಕುದುರೆಗೆ ಯಾಕೆ ಹುಲ್ಲು ಹಾಕಬೇಕು’ ಎಂಬುದು ಆತನ ವಾದ. ಮೇ 15ರಂದು ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್‌ಗೆ ಗುಂಡೇಟು ಬಿತ್ತು. 1963ರಲ್ಲಿ ಕಪ್ಪು ವಿದ್ಯಾರ್ಥಿಗಳು ಒಳಗೆ ಕಾಲಿಡದಂತೆ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ ಮನುಷ್ಯ ಆತ. ಶರ್ಲಿಯ ಎದುರಾಳಿಯೂ ಹೌದು. ಶರ್ಲಿ ಆಸ್ಪತ್ರೆಗೆ ಹೋಗಿ ಆತನನ್ನು ನೋಡಿಕೊಂಡು ಬಂದರು. ನಿಮ್ಮ ಜನ ಏನೆಂದಾರು ಎಂದು ಆತ ಕೇಳಿದರೆ, ಏನೆನ್ನುತ್ತಾರೆಂದು ಗೊತ್ತು, ಆದರೆ ನಿಮಗಾದದ್ದು ಯಾರಿಗೂ ಆಗಬಾರದು ಎಂದರಂತೆ. ವಾಲೇಸ್ ಅತ್ತನಂತೆ.

‘ನಾನು ಆ ದಿನ ಈ ಪಟ ಕಿತ್ತು ಮಂಚದ ಕೆಳಗೆ ಹಾಕಿದೆ’ ಎಂದರು ದೊಡ್ಡಮ್ಮ. ಗಂಡನಿಗೋ ಹಬ್ಬ. ‘ನೋಡಿದೆಯಾ ನಿನ್ನವಳನ್ನು?’

‘ಹಾಗಾದರೆ ಓಟು?’ ಎಂದು ಕೇಳಿದೆ.

‘ಅವಳ ಕಡೆಯವರಿಗೇ ಹಾಕಿದೆ. ಕೋಪದಲ್ಲೇ ಹಾಕಿದೆ. ಇವರ ಮಾತು ಕೇಳಿ ಬಿಟ್ಟೆ ಅಂತ ಆಗಬಾರದಲ್ಲ!’

ಜುಲೈನಲ್ಲಿ ಮಯಾಮಿ ಬೀಚಿನ ಮಹಾಧಿವೇಶನದಲ್ಲಿ ಶರ್ಲಿಗೆ ಬಿದ್ದದ್ದು 152 ಮತ. ಸೋಲು ಖಚಿತವಾದ ಹ್ಯೂಬರ್ಟ್ ಹಂಫ್ರಿ ತನ್ನ ಕಪ್ಪು ಪ್ರತಿನಿಧಿಗಳನ್ನು ಬಿಟ್ಟುಕೊಟ್ಟಿದ್ದರಿಂದ ಅಷ್ಟಾದರೂ ಬಂತು. ರಾಜ್ಯಗಳ ಮತದಾನದಲ್ಲಿ ಅವರಿಗೆ ಒಟ್ಟು ಸುಮಾರು 4 ಲಕ್ಷ 30 ಸಾವಿರ ಮತ ಬಿದ್ದಿತ್ತು. ಅಭ್ಯರ್ಥಿಯಾದದ್ದು ಮೆಕ್‌ಗವರ್ನ್. ನವೆಂಬರಿನಲ್ಲಿ ನಿಕ್ಸನ್ 49 ರಾಜ್ಯಗಳನ್ನು ಗೆದ್ದರು. ಗೆಲ್ಲುವ ಕುದುರೆಯ ಕಥೆ ಹಾಗಾಯಿತು! ದೊಡ್ಡಮ್ಮ ಗಂಡನಿಗೆ ಆ ಮಾತನ್ನು ಅವರು ಸಾಯುವ ತನಕ ನೆನಪಿಸಿದರಂತೆ.

ಈ ಕಥೆ ಕೇಳುವಾಗ ನನಗೆ 1978ರ ಚಿಕ್ಕಮಗಳೂರು ನೆನಪಾಗುತ್ತಿತ್ತು. ನಾನು ಹೊಸ ಸೊಸೆ, ಮೊದಲ ಓಟು. ಉಪಚುನಾವಣೆಗೆ ಇಂದಿರಾ ಗಾಂಧಿ ಬಂದು ನಿಂತಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ಯಾವ ಗುರುತಿಗೆ ಒತ್ತಬೇಕೆಂದು ಮಾವನವರು ಹಿಂದಿನ ರಾತ್ರಿಯೇ ಊಟದ ಹೊತ್ತಿನಲ್ಲಿ ಹೇಳಿ ಮುಗಿಸಿದ್ದರು. ಅತ್ತೆಯೂ ನಾನೂ ತಲೆಯಾಡಿಸಿದೆವು. ಮರದ ಪೆಟ್ಟಿಗೆಯ ಹಿಂದೆ ಮುದ್ರೆ ಹಿಡಿದು ನಿಂತಾಗ ಕೈ ನಡುಗಿದ್ದು ಇನ್ನೂ ನೆನಪಿದೆ. ಯಾರಿಗೆ ಒತ್ತಿದೆನೆಂದು ಮನೆಯಲ್ಲಿ ಇಂದಿಗೂ ಹೇಳಿಲ್ಲ. ದೊಡ್ಡಮ್ಮನಿಗೆ ಮಾತ್ರ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಂಚದ ಕೆಳಗಿನ ಪಟ ಗೋಡೆಗೆ ಮರಳಿದ್ದು ಯಾವಾಗ? 1974ರಲ್ಲಿ. ಮನೆಗೆಲಸದವರಿಗೂ ಕನಿಷ್ಠ ಕೂಲಿ ಸಿಗಬೇಕೆಂಬ ತಿದ್ದುಪಡಿ ಆ ವರ್ಷ ಕಾನೂನಾಯಿತು. ಅದಕ್ಕಾಗಿ ವರ್ಷಗಟ್ಟಲೆ ಗುದ್ದಾಡಿದವರಲ್ಲಿ, ಮನೆಗೆಲಸದವಳ ಮಗಳೇ ಆದ ಶರ್ಲಿ ಮುಂದಿದ್ದರು. ದಕ್ಷಿಣದ ಸದಸ್ಯರ ಮತ ಬೇಕಾದಾಗ ವಾಲೇಸ್ ತನಗಾಗಿ ಅವರಿಗೆ ಹೇಳಿಕೊಟ್ಟನೆಂದು ಅವರೇ ತಿಳಿಸಿದ್ದಾರೆ. ದೊಡ್ಡಮ್ಮ ಅಮೆರಿಕಕ್ಕೆ ಬಂದಾಗಿನಿಂದ ಮಾಡುತ್ತಿದ್ದದ್ದು ಮನೆಗೆಲಸ. ಮ್ಯಾನ್‌ಹ್ಯಾಟನ್‌ನ ಒಂದು ಮನೆಯಲ್ಲಿ ನೆಲ ಒರೆಸಿ, ಮಕ್ಕಳನ್ನು ನೋಡಿಕೊಂಡು, ಒಡತಿ ಕೊಟ್ಟಷ್ಟು ತೆಗೆದುಕೊಂಡು ಬರುತ್ತಿದ್ದರು. ‘ಮೊದಲ ಸಲ ಲೆಕ್ಕ ಹಾಕಿ ಕೊಟ್ಟರು’ ಎಂದರು. ಆ ವಾರದ ದುಡ್ಡಿನಲ್ಲೇ ಪಟಕ್ಕೆ ಕಟ್ಟು ಹಾಕಿಸಿದ್ದಂತೆ. ವಾಲೇಸ್ ವಿಷಯದಲ್ಲಿ ಅವರ ಸಿಟ್ಟು ಇಳಿಯಿತೇ ಎಂದು ಕೇಳಿದ್ದಕ್ಕೆ, ‘ಅದು ಬೇರೆ, ಇದು ಬೇರೆ’ ಎಂದರು.

ಶರ್ಲಿ ಚಿಸಮ್ 2005ರ ಜನವರಿ 1ರಂದು ತೀರಿಕೊಂಡಿದ್ದರು. ಹಿಲರಿ, ಒಬಾಮ ಇಬ್ಬರನ್ನೂ ಒಟ್ಟಿಗೆ ಕಣದಲ್ಲಿ ನೋಡುವ ಯೋಗ ಅವರಿಗಿರಲಿಲ್ಲ.

ಫೆಬ್ರವರಿ 5ರಂದು ನ್ಯೂಯಾರ್ಕಿನಲ್ಲಿ ಮತದಾನ. ದೊಡ್ಡಮ್ಮ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಒಬ್ಬರೇ ಹೊರಟರು. ಮಗಳು ಜೊತೆಗೆ ಬರುತ್ತೇನೆಂದರೂ ಬೇಡವೆಂದರು. ಮರಳಿ ಬಂದವರು ನೇರವಾಗಿ ಮೇಲೆ ಹತ್ತಿ ನಮ್ಮ ಮನೆಗೆ ಬಂದು, ಮಗುವಿನ ತೊಟ್ಟಿಲು ತೂಗುತ್ತ ಕೂತರು. ಬಾಣಂತಿಗೆಂದು ಮೆಣಸಿನ ಸಾರು ಮಾಡಿದ್ದೆ. ಒಂದು ಲೋಟ ಕೊಟ್ಟೆ. ಅಷ್ಟರಲ್ಲಿ ಮಗಳೂ ಮೇಲೆ ಬಂದಳು. ‘ಯಾರಿಗೆ ಹಾಕಿದೆ, ಹೇಳಮ್ಮ’ ಎಂದು ಪೀಡಿಸಿದಳು. ದೊಡ್ಡಮ್ಮ ಲೋಟ ನನ್ನ ಕಡೆ ಚಾಚಿ, ‘ಇನ್ನೊಂದು ಸ್ವಲ್ಪ ಹಾಕು, ಈ ಸಲ ಮೆಣಸು ಕಡಿಮೆಯಾಗಿದೆ’ ಎಂದರು.