ಮನೆಯವರ ಭಾರ ಎಷ್ಟು?

ಮನೆಯಲ್ಲೊಬ್ಬರಿಗೆ ಮನಸ್ಸಿನ ಕಾಯಿಲೆ ಬಂದರೆ ಬಂದವರೆಲ್ಲ ಕೇಳುವುದು "ಈಗ ಹೇಗಿದ್ದಾರೆ?" ಅಂತ. ನೋಡಿಕೊಳ್ಳುವವರು ಹೇಗಿದ್ದಾರೆ ಅಂತ ಕೇಳುವವರು ಕಡಿಮೆ.

ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರಿಗೆ ಆವರಣದಲ್ಲಿ ಡೇರೆ ಹಾಕಿಸಿ, ಅವರನ್ನೂ ಆರೈಕೆಯಲ್ಲಿ ಸೇರಿಸಿಕೊಂಡಿದ್ದರು. ಮನೆಯವರ ಕಷ್ಟವನ್ನು ಅಳೆಯುವ ಕೆಲಸ ಮಾತ್ರ ನಮ್ಮ ಬೆಂಗಳೂರಿನಲ್ಲಿ ಆಯಿತು. ನಿಮ್ಹಾನ್ಸ್‌ನ ಎಸ್. ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲಿ ಅದಕ್ಕಾಗಿಯೇ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಖರ್ಚು, ದಿನದ ಕೆಲಸ, ಬಿಡುವು, ಮನೆಮಂದಿಯ ಒಡನಾಟ, ಉಳಿದವರ ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ... ಹೀಗೆ ಆರು ಭಾಗ, ಒಟ್ಟು 24 ಅಂಶ.

ಆಮೇಲೆ ಇನ್ನೊಂದು ಪ್ರಯೋಗ. ಸ್ಕಿಜೋಫ್ರೇನಿಯಾ ಇದ್ದ 27 ಜನರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ. ಅಂಥದೇ ಇನ್ನೂ 27 ಜನರಿಗೆ ಮನೆಯಲ್ಲೇ, ನರ್ಸ್ ಒಬ್ಬರು ಮನೆಗೆ ಹೋಗಿ ನೋಡುವ ವ್ಯವಸ್ಥೆ. ಆಸ್ಪತ್ರೆಗೆ ಸೇರಿಸಿದರೆ ಮನೆಯವರಿಗೆ ಹಗುರ ಅಂತ ನಾವಂದುಕೊಳ್ಳುತ್ತೇವೆ, ಅಲ್ವಾ? 1983ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ ಇತ್ತು! ಆರು ತಿಂಗಳಲ್ಲಿ ಮನೆಯಲ್ಲಿದ್ದವರೇ ಹೆಚ್ಚು ಚೇತರಿಸಿಕೊಂಡಿದ್ದರು, ಮನೆಯವರ ಭಾರವೂ ಹೆಚ್ಚು ಇಳಿದಿತ್ತು, ಖರ್ಚೂ ಕಡಿಮೆ.

ಇನ್ನು ಅಂಥ ಮನೆಗೆ ಹೋದಾಗ ನೋಡಿಕೊಳ್ಳುವವರನ್ನೂ ಒಂದು ಮಾತು ಕೇಳಿ: "ನೀವು ಹೇಗಿದ್ದೀರಿ?"