ಕೆನರಾ ಸೀಮೆಯ ಕ್ರೈಸ್ತರಲ್ಲಿ ಗುರುಪೀಠದ ಕಲಹ

ಹೊನ್ನಾವರದ ಕೋಟೆಯು 1569ರಲ್ಲಿ ಪೋರ್ತುಗೀಜರ ಕೈಸೇರಿತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಕೆಳದಿಯ ಶಿವಪ್ಪನಾಯಕನು ಅದನ್ನು ಅವರಿಂದ ಕಿತ್ತುಕೊಂಡನು. ಕೋಟೆಯು ಹೋದರೂ ಕ್ರೈಸ್ತ ಒಕ್ಕಲುಗಳು ಕರಾವಳಿಯ ಊರುಗಳಲ್ಲಿಯೇ ನಿಂತವು. 1678ರ ಒಡಂಬಡಿಕೆಯಲ್ಲಿ ಕೆಳದಿಯವರು ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅಪ್ಪಣೆಯಿತ್ತರು. ವೀರಶೈವ ಸಂಸ್ಥಾನವು ಅನ್ಯಮತೀಯರಿಗೆ ಇಂಬು ಕೊಟ್ಟಿತು; ಕಲಹವು ಹುಟ್ಟಿದುದು ಇಗರ್ಜಿಯ ಒಳಗೇ.

ಪೂರ್ವದೇಶಗಳಲ್ಲಿ ಧರ್ಮಪ್ರಸಾರದ ಭಾರವನ್ನೂ ಬಿಷಪರನ್ನು ಸೂಚಿಸುವ ಹಕ್ಕನ್ನೂ ಪೋಪರು ಹಿಂದೆ ಪೋರ್ತುಗಾಲದ ಅರಸರಿಗೆ ವಹಿಸಿದ್ದರು. ಇದಕ್ಕೆ ಪದ್ರೊವಾದೊ ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡಾ ಸಭೆಯು ಸ್ಥಾಪಿತವಾಗಿ, ಪೋರ್ತುಗೀಜರ ಆಳಿಕೆಯಿಲ್ಲದ ನಾಡುಗಳಿಗೆ ತಾನೇ ಧರ್ಮಾಧಿಕಾರಿಗಳನ್ನು ಕಳುಹಿಸತೊಡಗಿತು. ಹೀಗೆ ಕೆನರಾ ಸೀಮೆಗೆ ನೇಮಕವಾದವನು ಬಿಷಪ್ ತೋಮಸ್ ದೆ ಕಾಸ್ತ್ರೊ. ಗೋವೆಯ ಆರ್ಚ್‌ಬಿಷಪರ ಪಕ್ಷವು ಅವನನ್ನು ಮನ್ನಿಸಲಿಲ್ಲ. ತಮ್ಮ ಕಡೆಯಿಂದ 1681ರಲ್ಲಿ ಜೋಸೆಫ್ ವಾಜ್ ಎಂಬ ಪಾದ್ರಿಯನ್ನು ಅಧಿಕಾರವಿತ್ತು ಕಳುಹಿಸಿದರು.

ಇದು ಕೇವಲ ಹುದ್ದೆಯ ಜಗಳವಾಗಿದ್ದರೆ ಒಕ್ಕಲಿನವನಿಗೆ ಅದರಿಂದ ಬಂದುದೂ ಹೋದುದೂ ಏನಿರಲಿಲ್ಲ. ಆದರೆ ಆ ಮತದ ನಿಯಮದಂತೆ ಪಾಪನಿವೇದನೆಯನ್ನು ಕೇಳಿ ಕ್ಷಮಿಸುವ ಪಾದ್ರಿಗೆ ನ್ಯಾಯವಾದ ಅಧಿಕಾರವಿರಬೇಕು. ಇಲ್ಲವಾದರೆ ಕ್ಷಮೆಯು ಸಲ್ಲದು. ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಪೇತ್ರನಿಗೆ ದೊರೆತ ಸ್ವರ್ಗದ ಬೀಗದಕೈಗಳೇ ಈ ಅಧಿಕಾರದ ಮೂಲವೆಂದು ಅವರ ನಂಬಿಕೆ. ಪೇತ್ರನ ಪೀಠವು ಒಮ್ಮೆ ಕೊಟ್ಟ ಹಕ್ಕು ಅಳಿಯದೆಂದು ಗೋವೆಯವರೂ, ಕೊಟ್ಟ ಪೀಠಕ್ಕೆ ಹಿಂತೆಗೆವ ಹಕ್ಕೂ ಉಂಟೆಂದು ರೋಮಿನ ಕಡೆಯವರೂ ಸಾಧಿಸಿದರು. ಶಾಸ್ತ್ರವು ಒಂದೇ, ಅರ್ಥವು ಮಾತ್ರ ಯಾರ ಅನ್ನವನ್ನು ಯಾರು ಉಂಡರೋ ಅದರಂತೆ! ಮರಣಶಯ್ಯೆಯ ಹೊರತು, ಒಕ್ಕಲಿನವನು ಯಾವ ಪಾದ್ರಿಗೆ ಪಾಪನಿವೇದನೆ ಮಾಡಿದರೂ ಇನ್ನೊಂದು ಪಕ್ಷದವರ ಲೆಕ್ಕದಲ್ಲಿ ಅವನಿಗೆ ದೊರೆತ ಕ್ಷಮೆಯು ಸಂದೇಹವೇ.

ಪಕ್ಷಪಾತಕ್ಕೆ ಸ್ವಂತ ನೋವೂ ಬೇರಾಗಿತ್ತು. ತೋಮಸನು ಗೋವೆಯ ದೀವಾಡಿಯ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದವನು. ಅವನ ಬಂಧುವಾದ ಮತ್ತೇವುಸ್ ದೆ ಕಾಸ್ತ್ರೊ ಗೋವೆಯಲ್ಲಿ ಪಾದ್ರಿದೀಕ್ಷೆ ದೊರೆಯದೆ, ರೋಮಿನವರೆಗೆ ಹೋಗಿ ದೀಕ್ಷೆಯನ್ನೂ ಮುಂದೆ ಬಿಷಪ್ ಪದವಿಯನ್ನೂ ಪಡೆದಿದ್ದನು. ಅಂಥ ಮನೆತನದವನಿಗೆ ಪೋರ್ತುಗೀಜರ ಹಕ್ಕಿನ ಮಾತು ಹೇಗೆ ರುಚಿಸೀತು? ಗೋವೆಯ ಬಿಳಿಯ ಅಧಿಕಾರಿಗಳಿಗಾದರೂ ನಾಡಿನವನೊಬ್ಬನು ತಮ್ಮನ್ನು ದಾಟಿ ಬಿಷಪನಾದುದು ಸಹ್ಯವಾಗಿರಲಾರದು.

ವಾಜನೂ ಗೋವೆಯ ಬಾಣಾವಳಿಯ ಕೊಂಕಣಿಗನೇ; ಆದರೆ ಗೋವೆಯ ಆಜ್ಞೆಯಲ್ಲಿದ್ದವನು. ತನ್ನ ಪಕ್ಷದವರ ಹಟವನ್ನು ಹಿಡಿಯದೆ, ರೋಮಿನ ತೀರ್ಪು ಬರುವವರೆಗೆ ಜನರ ಸಂಸ್ಕಾರಗಳು ನಿಲ್ಲದಂತೆ ಬಿಷಪನೊಡನೆ ಒಂದು ಹೊಂದಾಣಿಕೆಗೆ ಅವನು ಯತ್ನಿಸಿದನು. ಇಡೀ ಪ್ರಕರಣದಲ್ಲಿ ಒಕ್ಕಲಿನವನ ಭಯವನ್ನು ಮೊದಲು ಎಣಿಸಿದವನು ಇವನೊಬ್ಬನೇ ಎಂದು ತೋರುತ್ತದೆ. 1684ರಲ್ಲಿ ಕಾಸ್ತ್ರೊ ತೀರಿಕೊಂಡನು. ಅದೇ ವರ್ಷ ವಾಜನು ಗೋವೆಗೆ ಮರಳಿದನು. ಮುಂದೆ ಸಿಂಹಳಕ್ಕೆ ಹೋಗಿ 1711ರಲ್ಲಿ ಕಂಡಿಯಲ್ಲಿ ಮಡಿದ ಅವನನ್ನು 2015ರಲ್ಲಿ ಪೋಪ್ ಫ್ರಾನ್ಸಿಸರು ಸಂತನೆಂದು ಘೋಷಿಸಿದರು.

ಕಲಹವು ಇಬ್ಬರೊಡನೆ ಮುಗಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಮಂಗಳೂರಿನ ಕಡೆ ಅದೇ ಎರಡು ಪಕ್ಷಗಳು ಹೋರಾಡಿದವು. 1887ರಲ್ಲಿ ಮಂಗಳೂರು ಬೇರೆ ಧರ್ಮಪ್ರಾಂತವಾದಾಗ ಹೊನ್ನಾವರ, ಕುಮಟಾ, ಭಟ್ಕಳಗಳು ಗೋವೆಯಲ್ಲಿಯೇ ಉಳಿದವು. 1953ರಲ್ಲಿ ಬೆಳಗಾವಿಗೆ, 1976ರಲ್ಲಿ ಕಾರವಾರಕ್ಕೆ ಸೇರಿದವು.